ಕೆನಡಾದಲ್ಲಿ ಒಂದು ಯುದ್ಧವಿಮಾನ ಕೊಳ್ಳೋಕೆ ಯಾಕಿಷ್ಟು ರಂಪ?

ಪ್ರಶ್ನೆ: ಮಗಳು-ಅಳಿಯ ಕ್ಯಾಲ್ಗರಿಯಲ್ಲಿದ್ದಾರೆ. ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಟಿವಿ ಹಚ್ಚಿದರೆ ಎಫ್-35 ಯುದ್ಧವಿಮಾನ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ. 2010ರಲ್ಲೇ ಕೊಳ್ಳುತ್ತೇವೆ ಅಂದಿದ್ದರಂತೆ. ಇಷ್ಟು ವರ್ಷ ಒಂದು ವಿಮಾನಕ್ಕೆ ಜಗಳವೆಂದರೆ ಒಳಗೆ ನಮ್ಮ ಬೋಫೋರ್ಸ್ ಥರದ್ದು ಏನಾದರೂ ಇದೆಯೇ? ಅಳಿಯನನ್ನು ಕೇಳಿದರೆ "ಮಾವಾರ, ಇಲ್ಲೆ ಇದು ಮಾಮೂಲಿ" ಅಂತ ನಕ್ಕು ಸುಮ್ಮನಾದರು.
– ಹುಬ್ಬಳ್ಳಿಯ ಓದುಗರು

ಉತ್ತರ: ಅಳಿಯಂದಿರು ಹೇಳಿದ್ದು ನಿಜ, ಅಲ್ಲಿ ಅದು ಮಾಮೂಲಿಯೇ. ಆದರೆ ಬೋಫೋರ್ಸ್ ಕನ್ನಡಕ ಹಾಕಿಕೊಂಡು ಕೆನಡಾದ ಕಡೆ ನೋಡಿದರೆ ಏನೂ ಕಾಣುವುದಿಲ್ಲ. ನಮ್ಮಲ್ಲಿ ಶಸ್ತ್ರಾಸ್ತ್ರ ಖರೀದಿ ಎಂದ ಕೂಡಲೇ ಮೊದಲ ಪ್ರಶ್ನೆ "ಯಾರು ತಿಂದರು?" ಅಲ್ಲಿ ಮೊದಲ ಪ್ರಶ್ನೆ "ಕೆಲಸ ಯಾವ ಊರಿಗೆ ಹೋಯಿತು?" ಎರಡನೆಯದು "ಸಂಸತ್ತಿಗೆ ಹೇಳಿದ ರೇಟು ನಿಜವೋ?"

ಲಂಚದ ಮಾತೇ ಇಲ್ಲ ಎಂದಲ್ಲ. ನೋವಾಸ್ಕೋಷಿಯಾದಲ್ಲಿ ಜರ್ಮನ್ ಕಂಪನಿಯೊಂದರ ಕವಚ ವಾಹನ ಕಾರ್ಖಾನೆ ಹಾಕಿಸಲು ಓಡಾಡುತ್ತಿದ್ದ ಕಾರ್ಲ್‌ಹೈನ್ಸ್ ಶ್ರೈಬರ್ ಎಂಬ ದಲ್ಲಾಳಿಯಿಂದ, ಪ್ರಧಾನಿ ಪಟ್ಟ ಬಿಟ್ಟ ಮೇಲೆ ಬ್ರಯನ್ ಮಲ್ರೋನಿ ಲಕೋಟೆಯಲ್ಲಿ ನಗದು ಪಡೆದರು. ತಾವು ಪಡೆದದ್ದು 2,25,000 ಡಾಲರ್ ಎಂದು ಅವರೇ ಒಪ್ಪಿಕೊಂಡರು. ಆ ನಡತೆ ಸರಿಯಲ್ಲವೆಂದು 2010ರಲ್ಲಿ ವಿಚಾರಣಾ ಆಯೋಗ ಹೇಳಿತು. ಕಾರ್ಖಾನೆ ಮಾತ್ರ ಮೇಲೇಳಲೇ ಇಲ್ಲ. ಆದರೆ ಕೆನಡಾದಲ್ಲಿ ಪಕ್ಷಗಳನ್ನು ಒಡೆದ, ಸರ್ಕಾರ ಬೀಳಿಸಿದ ಖರೀದಿ ಜಗಳಗಳ ಮೂಲ ಇಂಥ ಲಕೋಟೆಯಲ್ಲಿ ಸಿಗುವುದಿಲ್ಲ.

ಅಮೆರಿಕದ ಈ ಎಫ್-35 ಯಾವ ವಿಮಾನದ ಜಾಗಕ್ಕೆ ಬರಬೇಕೋ ಆ ವಿಮಾನದಿಂದಲೇ ಶುರು ಮಾಡೋಣ. ಅದರ ಹೆಸರು ಸಿಎಫ್-18. 1980ರಲ್ಲಿ ಆಯ್ಕೆಯಾಗಿ, 1982ರಿಂದ ಕೈಗೆ ಬಂದ 138 ವಿಮಾನ. ಖರೀದಿಯಲ್ಲಿ ಅಂಥ ದೊಡ್ಡ ಗಲಾಟೆ ಆಗಲಿಲ್ಲ. ಗಲಾಟೆ ಆದದ್ದು ರಿಪೇರಿ ಗುತ್ತಿಗೆಯಲ್ಲಿ. 1986ರಲ್ಲಿ ಇವುಗಳ ನಿರ್ವಹಣೆಗೆ ಟೆಂಡರ್ ಕರೆದಾಗ ಪಶ್ಚಿಮದ ವಿನ್ನಿಪೆಗ್‌ನ ಬ್ರಿಸ್ಟಲ್ ಏರೋಸ್ಪೇಸ್ ಕಡಿಮೆ ದರ ಕೂಗಿತು. ತಾಂತ್ರಿಕವಾಗಿಯೂ ಅದೇ ಮೇಲು ಎಂದು ಸರ್ಕಾರದ ಸ್ವಂತ ಅಧಿಕಾರಿಗಳೇ ಅಂಕ ಕೊಟ್ಟರು. ಅಕ್ಟೋಬರ್ 31ರಂದು ಮಲ್ರೋನಿ ಸಂಪುಟ ಗುತ್ತಿಗೆ ಕೊಟ್ಟಿದ್ದು ಮಾತ್ರ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನ ಕನಡೇರ್ ಕಂಪನಿಗೆ. ರಾಷ್ಟ್ರದ ಹಿತ, ತಂತ್ರಜ್ಞಾನ ಅಂತ ಕಾರಣ ಹೇಳಿದರು. ವಿನ್ನಿಪೆಗ್‌ನವರಿಗೆ ಕೇಳಿಸಿದ್ದು ಒಂದೇ: ಕ್ವಿಬೆಕ್‌ನಲ್ಲಿ ಸೀಟು ಜಾಸ್ತಿ.

ಕ್ಯಾಲ್ಗರಿಯಲ್ಲಿ ಇದ್ದು ಬಂದವರಿಗೆ ಪಶ್ಚಿಮದ ಪ್ರಾಂತ್ಯಗಳ ಈ ಸಿಟ್ಟು ಗೊತ್ತಿರುತ್ತದೆ. "ಎಣ್ಣೆ ನಮ್ಮದು, ಗೋಧಿ ನಮ್ಮದು, ತೀರ್ಮಾನ ಮಾತ್ರ ಒಟ್ಟಾವಾ-ಮಾಂಟ್ರಿಯಲ್‌ನವರದ್ದು" ಎಂಬ ಮಾತು. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅನಿಸುತ್ತದೆ. ಆ ಸಿಟ್ಟಿಗೆ ಈ ಗುತ್ತಿಗೆ ಕಿಡಿ ಹಚ್ಚಿತು. ಸರಿಯಾಗಿ ಒಂದು ವರ್ಷದ ನಂತರ, 1987ರ ಅಕ್ಟೋಬರ್ ಕೊನೆಯಲ್ಲಿ, ಅದೇ ವಿನ್ನಿಪೆಗ್‌ನಲ್ಲಿ ಸಭೆ ಸೇರಿ ರಿಫಾರ್ಮ್ ಪಕ್ಷ ಕಟ್ಟಿದರು. ಗುತ್ತಿಗೆ ಒಂದೇ ಕಾರಣವಲ್ಲ, ನಿಜ. ಆದರೆ ಆ ಪಕ್ಷದವರು ಊರೂರಿಗೆ ಹೋಗಿ ಹೇಳುತ್ತಿದ್ದ ಕಥೆ ಇದೇ. ಆ ಸಭೆಯಲ್ಲಿ ನೀತಿ-ನಿಲುವುಗಳ ಬಗ್ಗೆ ಮಾತಾಡಿದ ಯುವಕನ ಹೆಸರು ಸ್ಟೀಫನ್ ಹಾರ್ಪರ್. ಈ ಹೆಸರು ಮತ್ತೆ ಬರುತ್ತದೆ.

ನಡುವೆ ಹೆಲಿಕಾಪ್ಟರ್ ಪುರಾಣ ಹೇಳಲೇಬೇಕು. ನನ್ನ ಮಟ್ಟಿಗೆ ಕೆನಡಾದ ಖರೀದಿ ರಾಜಕೀಯ ಪೂರ್ತಿ ಇದರಲ್ಲೇ ಇದೆ.

ಕೆನಡಾದ ನೌಕಾಪಡೆಗೆ ಸೀ ಕಿಂಗ್ ಹೆಲಿಕಾಪ್ಟರ್ ಬಂದದ್ದು 1963ರಲ್ಲಿ. ವಯಸ್ಸಾಗುತ್ತಾ ಬಂದಂತೆ ಒಂದು ಗಂಟೆ ಹಾರಿಸಲು ಮೂವತ್ತು ಗಂಟೆಗೂ ಹೆಚ್ಚು ರಿಪೇರಿ ಕೆಲಸ ಬೇಕಾಗುತ್ತಿತ್ತು. ಒಂದು ಸಲ ಲೆಕ್ಕ ಹಾಕಿ ನೋಡಿ. ಹಡಗಿನ ಡೆಕ್ ಮೇಲೆ ನಿಂತ ಆ ಹೆಲಿಕಾಪ್ಟರ್ ಬೆಳಿಗ್ಗೆ ಎರಡು ಗಂಟೆ ಗಸ್ತು ತಿರುಗಿ ಬಂದರೆ, ಎಂಟು ಮಂದಿ ಮೆಕ್ಯಾನಿಕ್‌ಗಳಿಗೆ ಆ ದಿನದ ಪಾಳಿ ಅಲ್ಲಿಗೆ ಮುಗಿಯಿತು. ಇದರ ಬದಲಿಗೆ 1992ರಲ್ಲಿ ಮಲ್ರೋನಿ ಸರ್ಕಾರ ಬ್ರಿಟನ್-ಇಟಲಿಯ ಇಎಚ್-101 ಆರಿಸಿತು. 50 ಹೆಲಿಕಾಪ್ಟರ್, ಸುಮಾರು 480 ಕೋಟಿ ಡಾಲರ್. ಶೀತಲ ಸಮರ ಮುಗಿದಿತ್ತು, ಬೊಕ್ಕಸ ಬರಿದಾಗಿತ್ತು. ವಿರೋಧ ಪಕ್ಷದ ನಾಯಕ ಜೀನ್ ಕ್ರೆಟಿಯನ್ ಇದಕ್ಕೆ "ಕ್ಯಾಡಿಲ್ಯಾಕ್" ಎಂದು ಹೆಸರಿಟ್ಟರು. ಬಡವನ ಮನೆಗೆ ಯಾಕೆ ಬೆಂಜ್ ಕಾರು ಅನ್ನೋ ಥರ. ಮಲ್ರೋನಿ ನಂತರ ಪ್ರಧಾನಿಯಾದ ಕಿಮ್ ಕ್ಯಾಂಪ್‌ಬೆಲ್ ಸಂಖ್ಯೆಯನ್ನು 43ಕ್ಕೆ ಇಳಿಸಿ ನೋಡಿದರು. ಅವರೇ ಮೊದಲು ರಕ್ಷಣಾ ಸಚಿವೆಯಾಗಿದ್ದವರು, ಈ ಖರೀದಿಯನ್ನು ಸಮರ್ಥಿಸಿಕೊಂಡವರು, ಹಾಗಾಗಿ ಯಾರೂ ನಂಬಲಿಲ್ಲ.

1993ರ ಅಕ್ಟೋಬರ್ ಚುನಾವಣೆಯಲ್ಲಿ ಎರಡೂ ಕಥೆ ಬಂದು ಕೂಡಿದವು. ಪಶ್ಚಿಮದಲ್ಲಿ ರಿಫಾರ್ಮ್ ಪಕ್ಷ ಆಳುವ ಪಕ್ಷದ ಮತಗಳನ್ನು ಗುಡಿಸಿಕೊಂಡು 52 ಸೀಟು ಗೆದ್ದಿತು. ಕ್ಯಾಂಪ್‌ಬೆಲ್ ಅವರ ಪಕ್ಷಕ್ಕೆ ಇಡೀ ದೇಶದಲ್ಲಿ ಸಿಕ್ಕಿದ್ದು ಎರಡು. ಹೌದು, ಎರಡೇ. ಅವರೂ ಸೋತರು. ಕ್ರೆಟಿಯನ್ ಪ್ರಮಾಣ ವಚನ ತೆಗೆದುಕೊಂಡ ದಿನವೇ, ನವೆಂಬರ್ 4ರಂದು, ಹೆಲಿಕಾಪ್ಟರ್ ಗುತ್ತಿಗೆ ರದ್ದು ಮಾಡಿದರು. ಕೊಟ್ಟ ಮಾತು ಉಳಿಸಿಕೊಂಡ ಗಂಡು ಎಂದು ಜನ ಚಪ್ಪಾಳೆ ತಟ್ಟಿದರು. ರದ್ದತಿಯ ಬಿಲ್ಲು ಹತ್ತಿರ ಹತ್ತಿರ 50 ಕೋಟಿ ಡಾಲರ್. ಒಂದು ಹೆಲಿಕಾಪ್ಟರೂ ಬರಲಿಲ್ಲ.

ಮುಂದೆ ಏನಾಯಿತು ಅಂತೀರಿ? 1998ರಲ್ಲಿ ಅದೇ ಕ್ರೆಟಿಯನ್ ಸರ್ಕಾರ ಹುಡುಕಾಟ-ರಕ್ಷಣೆ ಕೆಲಸಕ್ಕೆ 15 ಹೆಲಿಕಾಪ್ಟರ್ ಕೊಂಡಿತು. ಹೆಸರು ಕಾರ್ಮೊರೆಂಟ್. ಬಣ್ಣ ಹಳದಿ. ಬಾನೆಟ್ ಎತ್ತಿ ನೋಡಿದರೆ ಅದೇ ಇಎಚ್-101, ಕೆಲವು ಯಂತ್ರ ಕಳಚಿದ್ದು! ನೌಕಾಪಡೆಗೂ ಅದನ್ನೇ ಕೊಂಡರೆ "ಹಾಗಾದರೆ ರದ್ದು ಮಾಡಿದ್ದು ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಟೆಂಡರನ್ನು ಹಿಂಜಿದರು, ಒಡೆದರು, ಮತ್ತೆ ಹೆಣೆದರು. ಇದೆಲ್ಲ ಅದೇ ಹೆಲಿಕಾಪ್ಟರ್ ಮತ್ತೆ ಗೆಲ್ಲದಂತೆ ನೋಡಿಕೊಳ್ಳುವ ಆಟ ಎಂದು ಟೀಕಾಕಾರರು ಆಗಲೇ ಕೂಗಿದರು. 2004ರ ನವೆಂಬರ್‌ನಲ್ಲಿ ಗುತ್ತಿಗೆ ಸಿಕೋರ್ಸ್ಕಿ ಕಂಪನಿಗೆ ಹೋಯಿತು. 28 ಸೈಕ್ಲೋನ್, 2008ಕ್ಕೆ ಮೊದಲನೆಯದು ಬರಬೇಕು. ತಮಾಷೆ ಏನೆಂದರೆ, ಸಹಿ ಹಾಕಿದ ದಿನ ಆ ಹೆಲಿಕಾಪ್ಟರಿನ ಮಿಲಿಟರಿ ಮಾದರಿ ಎಂಬುದು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ನಾಗರಿಕ ಮಾದರಿಯನ್ನು ಕೆನಡಾಕ್ಕಾಗಿಯೇ ಬದಲಿಸಿ ಕಟ್ಟಬೇಕಿತ್ತು. ಅಂಗಡಿಯಲ್ಲಿ ಸಿದ್ಧವಿರುವ ಸರಕು ಎಂದು ಲೆಕ್ಕ ಹಿಡಿದು, ಇನ್ನೂ ಹೊಲಿಯದ ಅಂಗಿಗೆ ದುಡ್ಡು ಕೊಟ್ಟಂತಾಯಿತು. ಮೊದಲ ಆರನ್ನು ವಾಯುಪಡೆ ಅಧಿಕೃತವಾಗಿ ಒಪ್ಪಿಕೊಂಡದ್ದು 2015ರಲ್ಲಿ. ಸೀ ಕಿಂಗ್ ನಿವೃತ್ತಿ ಆದದ್ದು 2018ರ ಡಿಸೆಂಬರ್‌ನಲ್ಲಿ, ಐವತ್ತೈದು ವರ್ಷ ದುಡಿದು.

ರದ್ದು ಮಾಡಿದ್ದಕ್ಕೆ ಕ್ರೆಟಿಯನ್ ಚುನಾವಣೆಯಲ್ಲಿ ಒಂದು ಪೈಸೆ ದಂಡ ಕಟ್ಟಲಿಲ್ಲ ಎಂಬುದನ್ನು ಗಮನಿಸಿ. ಮತ್ತೆ ಎರಡು ಸಲ ಬಹುಮತ ಗೆದ್ದರು. ರದ್ದು ಮಾಡಿದವನಿಗೆ ಹೆಸರು ಸಿಗುತ್ತದೆ, ತಡ ಮಾಡಿದವನಿಗೆ ಬೈಗುಳವೂ ಸಿಗುವುದಿಲ್ಲ. ಯಾಕೆಂದರೆ ತಡವಾಗಿದ್ದು ಇಪ್ಪತ್ತು ವರ್ಷಕ್ಕೆ ಹಂಚಿಹೋಗಿರುತ್ತದೆ, ನಾಲ್ಕು ಪ್ರಧಾನಿಗಳು ಬದಲಾಗಿರುತ್ತಾರೆ. ದಕ್ಷಿಣಕ್ಕೆ ಅಮೆರಿಕ, ಉಳಿದ ಮೂರು ಕಡೆ ಸಮುದ್ರ. ಹೆಲಿಕಾಪ್ಟರ್ ಇಲ್ಲದ್ದಕ್ಕೆ ನಾಳೆ ಬೆಳಿಗ್ಗೆ ಯಾರೋ ಗಡಿ ದಾಟಿ ಬರುತ್ತಾರೆ ಎಂಬ ಭಯ ಮತದಾರನಿಗಿಲ್ಲ. ನಮಗೆ ಕಾರ್ಗಿಲ್ ಇದೆ, ಗಲ್ವಾನ್ ಇದೆ. ಫಿರಂಗಿ ಖರೀದಿ ಹತ್ತು ವರ್ಷ ನಿಂತರೆ ಯಾರಾದರೂ ಕೇಳುತ್ತಾರೆ. ಅಲ್ಲಿ ಕೇಳುವವರು ಸಮವಸ್ತ್ರ ತೊಟ್ಟವರು ಮಾತ್ರ, ಅವರು ಬಾಯಿ ಬಿಡುವಂತಿಲ್ಲ.

ಬಾಯಿ ಬಿಟ್ಟರು ಎಂಬ ಆರೋಪ ಬಂದರೆ ಏನಾಗುತ್ತದೆ ಎಂಬುದಕ್ಕೆ ವೈಸ್ ಅಡ್ಮಿರಲ್ ಮಾರ್ಕ್ ನಾರ್ಮನ್ ಪ್ರಕರಣ ಇದೆ. ನೌಕಾಪಡೆಗೆ ಇಂಧನ, ಸಾಮಗ್ರಿ ಒಯ್ಯುವ ಹಡಗೇ ಇಲ್ಲದಾಗ, ಒಂದು ಕಂಟೇನರ್ ಹಡಗನ್ನು ಮಾರ್ಪಡಿಸಿ ಬಾಡಿಗೆಗೆ ಕೊಡಲು ಕ್ವಿಬೆಕ್‌ನ ಡೇವಿ ಹಡಗುಕಟ್ಟೆ ಮುಂದೆ ಬಂದಿತ್ತು. 2015ರಲ್ಲಿ ಬಂದ ಹೊಸ ಲಿಬರಲ್ ಸಂಪುಟ ಅದನ್ನು ತಡೆಹಿಡಿಯಲು ಹೊರಟ ಸುದ್ದಿ ಸೋರಿತು. ಸೋರಿಸಿದ್ದು ನಾರ್ಮನ್ ಎಂದು 2017ರಲ್ಲಿ ಅಮಾನತು, 2018ರಲ್ಲಿ ವಿಶ್ವಾಸದ್ರೋಹದ ಕೇಸು. 2019ರ ಮೇ ತಿಂಗಳಲ್ಲಿ ಸರ್ಕಾರಿ ವಕೀಲರೇ ಕೇಸು ಕೈಬಿಟ್ಟರು. ಒಂದೇ ವಾರದಲ್ಲಿ ಸದನ ಒಕ್ಕೊರಲಿನಿಂದ ಅವರ ಕ್ಷಮೆ ಕೇಳಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಆ ಹಡಗು, ಆಸ್ಟೆರಿಕ್ಸ್, ನೌಕಾಪಡೆಯ ಕೆಲಸಕ್ಕೆ ಸೇರಿ ವರ್ಷ ದಾಟಿತ್ತು. (2022ರ ಮೇ ತಿಂಗಳಲ್ಲಿ ಶಿರಾ ತಾಲ್ಲೂಕಿನ ಮೂಲದ, ಅಲ್ಲಿನ ಆಗಿನ ಸಂಸದ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ ವಿಡಿಯೊ ನೀವೂ ನೋಡಿರುತ್ತೀರಿ. ಅದೇ ಸದನ.)

ಈಗ ನಿಮ್ಮ ಎಫ್-35ಕ್ಕೆ ಬರೋಣ. ರಿಫಾರ್ಮ್ ಸಭೆಯ ಆ ಯುವಕ ಹಾರ್ಪರ್ ಅಷ್ಟು ಹೊತ್ತಿಗೆ ಪ್ರಧಾನಿ. 2010ರ ಜುಲೈನಲ್ಲಿ ಅವರ ಸರ್ಕಾರ ಟೆಂಡರ್ ಇಲ್ಲದೆಯೇ 65 ಎಫ್-35 ಕೊಳ್ಳುತ್ತೇವೆ, 900 ಕೋಟಿ ಡಾಲರ್ ಎಂದಿತು. ವಿನ್ನಿಪೆಗ್‌ಗೆ ಟೆಂಡರಿನಲ್ಲಿ ಮೋಸವಾಯಿತು ಎಂಬ ಸಿಟ್ಟಿನಲ್ಲಿ ಹುಟ್ಟಿದ ರಾಜಕಾರಣ ಟೆಂಡರೇ ಬೇಡ ಎನ್ನುವಲ್ಲಿಗೆ ಬಂದಿತ್ತು.

ಜಗಳ ಹೊತ್ತಿದ್ದು ಲೆಕ್ಕದಲ್ಲಿ. ಎಮ್ಮೆ ಕೊಳ್ಳುವಾಗ ಸಂತೆಯಲ್ಲಿ ಕೊಟ್ಟ ದುಡ್ಡನ್ನಷ್ಟೇ ಮನೆಯಲ್ಲಿ ಹೇಳಿ, ಹಿಂಡಿ, ಹೊಟ್ಟು, ದನದ ಡಾಕ್ಟರು, ಕೊಟ್ಟಿಗೆಯ ಖರ್ಚನ್ನು ಬಾಯಿಬಿಡದೆ ಇದ್ದಂತೆ. ಸಂಸತ್ತಿನ ಬಜೆಟ್ ಅಧಿಕಾರಿ ಕೆವಿನ್ ಪೇಜ್ 2011ರ ಮಾರ್ಚ್‌ನಲ್ಲಿ ಮೂವತ್ತು ವರ್ಷ ಸಾಕುವ ಖರ್ಚು ಸೇರಿಸಿ 2,930 ಕೋಟಿ ಅಮೆರಿಕನ್ ಡಾಲರ್ ಎಂದರು. ಇಲಾಖೆ ಅಷ್ಟಾಗುವುದಿಲ್ಲ, 1,470 ಕೋಟಿ ಎಂದು ಉತ್ತರ ಕೊಟ್ಟಿತು. ಪೂರ್ತಿ ಕಾಗದಪತ್ರ ಕೇಳಿದರೆ ಕೊಡಲಿಲ್ಲ. ಇದೂ ಸೇರಿದಂತೆ ಹಲವು ಖರ್ಚಿನ ವಿವರ ಮುಚ್ಚಿಟ್ಟದ್ದಕ್ಕೆ ಮಾರ್ಚ್ 25ರಂದು ಸದನ 156-145 ಮತಗಳಿಂದ ಸರ್ಕಾರವನ್ನು ಸದನನಿಂದನೆಯ ದೋಷಿ ಎಂದು ಬೀಳಿಸಿತು. ಕೆನಡಾದ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಮೇ 2ರಂದು ಚುನಾವಣೆ. ಹಾರ್ಪರ್ ಗೆದ್ದರು, ಅದೂ ಮೊದಲ ಬಾರಿಗೆ ಪೂರ್ಣ ಬಹುಮತದೊಂದಿಗೆ!

ಮರುವರ್ಷ ಏಪ್ರಿಲ್‌ನಲ್ಲಿ ಮಹಾಲೇಖಪಾಲ ಮೈಕಲ್ ಫರ್ಗುಸನ್ ಕಡತ ತೆಗೆದು ನೋಡಿದರು. ಹೊರಗೆ 1,470 ಕೋಟಿ ಎಂದ ಇಲಾಖೆಯ ಒಳಗಿನ ಲೆಕ್ಕದಲ್ಲಿ ಮೊದಲಿನಿಂದಲೂ ಸುಮಾರು 2,500 ಕೋಟಿ ಇತ್ತು. 2012ರ ಡಿಸೆಂಬರ್‌ನಲ್ಲಿ ಕೆಪಿಎಂಜಿ ಲೆಕ್ಕಿಗರು 42 ವರ್ಷಕ್ಕೆ ಎಳೆದು 4,580 ಕೋಟಿ ಎಂದರು. ವಿಮಾನ ಅದೇ, ಸಂಖ್ಯೆ ಅದೇ 65, ಕೊಳ್ಳುವ ಬೆಲೆಯೂ ಹೆಚ್ಚುಕಮ್ಮಿ ಅದೇ 900 ಕೋಟಿ. ಬದಲಾದದ್ದು ಎಷ್ಟು ವರ್ಷದ ಹಿಂಡಿ ಸೇರಿಸಿದರು ಎಂಬುದು. ಆದ್ದರಿಂದ ಕೆನಡಾ ಪತ್ರಿಕೆಗಳಲ್ಲಿ ಯಾವುದೇ ಯುದ್ಧಸಾಮಗ್ರಿಯ ಬೆಲೆ ಓದಿದರೂ, ನಮ್ಮಲ್ಲಿ ರಫೇಲ್ ಬೆಲೆ ಓದಿದಾಗಲೂ, ಪಕ್ಕದಲ್ಲಿ ವರ್ಷದ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಆಳುವವರು ಚಿಕ್ಕದನ್ನು ಹಿಡಿಯುತ್ತಾರೆ, ವಿರೋಧಿಗಳು ದೊಡ್ಡದನ್ನು. ಇಬ್ಬರೂ ಸುಳ್ಳು ಹೇಳುತ್ತಿರಬೇಕಾಗಿಯೂ ಇಲ್ಲ.

2015ರಲ್ಲಿ ಜಸ್ಟಿನ್ ಟ್ರೂಡೊ ಎಫ್-35 ಕೊಳ್ಳುವುದಿಲ್ಲ ಎಂದು ಪ್ರಚಾರ ಮಾಡಿ ಗೆದ್ದರು. 1993ರ ಪಾಠವನ್ನೇ ಒಪ್ಪಿಸಿದಂತೆ. ಆದರೆ ಸಿಎಫ್-18 ಹಣ್ಣಾಗಿತ್ತು. ತಾತ್ಕಾಲಿಕವಾಗಿ ಬೋಯಿಂಗ್‌ನಿಂದ 18 ಸೂಪರ್ ಹಾರ್ನೆಟ್ ತರೋಣ ಎಂದರು. ಅಷ್ಟರಲ್ಲಿ ಬೋಯಿಂಗ್ ಮಾಂಟ್ರಿಯಲ್‌ನ ಬೊಂಬಾರ್ಡಿಯೆ ಕಂಪನಿಯ ಪ್ರಯಾಣಿಕ ವಿಮಾನದ ಮೇಲೆ ಅಮೆರಿಕದಲ್ಲಿ ವ್ಯಾಪಾರ ದೂರು ಹಾಕಿತು. ನಮ್ಮವರ ಹೊಟ್ಟೆ ಮೇಲೆ ಹೊಡೆಯುವ ಕಂಪನಿಯ ಜೊತೆ ವ್ಯಾಪಾರವಿಲ್ಲ ಎಂದು ಸರ್ಕಾರ ಅದನ್ನೂ ಬಿಟ್ಟಿತು. ಕನಡೇರ್ ನೆನಪಿದೆಯಲ್ಲ, 1986ರಲ್ಲಿ ರಿಪೇರಿ ಗುತ್ತಿಗೆ ಗಿಟ್ಟಿಸಿದ್ದು? ಅದೇ ವರ್ಷ ಸರ್ಕಾರ ಆ ಕಂಪನಿಯನ್ನು ಮಾರಿದ್ದು ಈ ಬೊಂಬಾರ್ಡಿಯೆಗೇ. ಮೂವತ್ತು ವರ್ಷದ ನಂತರವೂ ಕೆನಡಾದ ಫೈಟರ್ ಕಥೆ ಮಾಂಟ್ರಿಯಲ್‌ನ ಅದೇ ಬಾಗಿಲಿಗೆ ಬಂದು ನಿಂತಿತು. ಕೊನೆಗೆ ತಂದದ್ದೇನು? ಆಸ್ಟ್ರೇಲಿಯಾ ಬಳಸಿ ಬಿಟ್ಟ ಹಳೇ ಎಫ್-18, ಹಾರಲು 18, ಬಿಡಿಭಾಗ ಕಳಚಿಕೊಳ್ಳಲು 7. ಗುಜರಿ ಅಂಗಡಿಗೆ ಹೋಗಿ ತನ್ನದೇ ಮಾಡೆಲ್ ಗಾಡಿ ತಂದಂತೆ.

ಆಮೇಲೆ ಬಹಿರಂಗ ಸ್ಪರ್ಧೆ ನಡೆಯಿತು. ಕೆಲವರು ತಾವೇ ಹಿಂದೆ ಸರಿದರು, ಬೋಯಿಂಗನ್ನು ಸರ್ಕಾರವೇ ಕೈಬಿಟ್ಟಿತು, ಕೊನೆಗೆ ಸ್ವೀಡನ್ನಿನ ಗ್ರಿಪನ್ ಮತ್ತು ಎಫ್-35 ಉಳಿದವು. 2023ರ ಜನವರಿಯಲ್ಲಿ ರಕ್ಷಣಾ ಸಚಿವೆ ಅನಿತಾ ಆನಂದ್ ಘೋಷಿಸಿದರು: 88 ಎಫ್-35, 1,900 ಕೋಟಿ ಡಾಲರ್. ಕೊಳ್ಳುವುದಿಲ್ಲ ಎಂದವರೇ ಹಾರ್ಪರ್ ಹೇಳಿದ್ದಕ್ಕಿಂತ 23 ಹೆಚ್ಚು ಕೊಂಡರು. 2025ರ ಜೂನ್‌ನಲ್ಲಿ ಈಗಿನ ಮಹಾಲೇಖಪಾಲರು ಅದು 2,770 ಕೋಟಿಗೆ ಏರಿದೆ, ಕಟ್ಟಡ-ಶಸ್ತ್ರಾಸ್ತ್ರ ಎಂದು ಇನ್ನೂ ಕನಿಷ್ಠ 550 ಕೋಟಿ ಬೇಕು ಎಂದು ವರದಿ ಕೊಟ್ಟರು.

ನೀವು ಟಿವಿಯಲ್ಲಿ ಕೇಳಿದ ಚರ್ಚೆ ಇದರ ಮುಂದುವರಿಕೆ, ಆದರೆ ಮಸಾಲೆ ಹೊಸದು. ಟ್ರಂಪ್ ಸುಂಕ ಹೇರಿ, ಕೆನಡಾ 51ನೇ ರಾಜ್ಯವಾಗಲಿ ಎಂದು ಆಡಿಕೊಂಡ ಮೇಲೆ 2025ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಖರೀದಿಯನ್ನು ಮರುಪರಿಶೀಲಿಸಲು ಹೇಳಿದರು. ಆ ಹೊತ್ತಿಗೆ ಹಣ ಕಟ್ಟಿಯಾಗಿದ್ದು ಮೊದಲ 16ಕ್ಕೆ ಮಾತ್ರ. ಎಫ್-35ರ ಸಾಫ್ಟ್‌ವೇರ್, ಬಿಡಿಭಾಗ ಎಲ್ಲದರ ಕೀಲಿ ಅಮೆರಿಕದ ಕೈಯಲ್ಲಿ. ಇಷ್ಟು ದಿನ ದೊಡ್ಡಣ್ಣನ ನೆರಳು ಎಂಬ ಧೈರ್ಯದಿಂದಲೇ ಖರೀದಿಯನ್ನು ಎಳೆದಾಡಿದ ದೇಶಕ್ಕೆ ಈಗ ಆ ದೊಡ್ಡಣ್ಣನೇ ಸಂದೇಹ. ಸ್ವೀಡನ್ನಿನ ಸಾಬ್ ಕಂಪನಿ ಬಿಡುತ್ತದೆಯೇ? ಗ್ರಿಪನ್ ಕೊಂಡರೆ ಕೆನಡಾದಲ್ಲೇ ಜೋಡಿಸುತ್ತೇವೆ ಎಂದು ಬಾಗಿಲು ತಟ್ಟಿತು. ಇಲ್ಲಿ ಒಂದು ಒಳಸುಳಿ ಇದೆ. ಸಾಮಾನ್ಯವಾಗಿ ಕೆನಡಾಕ್ಕೆ ಯುದ್ಧಸಾಮಗ್ರಿ ಮಾರುವ ಕಂಪನಿ ಗುತ್ತಿಗೆಯ ಬೆಲೆಯಷ್ಟೇ ವ್ಯವಹಾರವನ್ನು ಅಲ್ಲಿನ ಕಂಪನಿಗಳ ಜೊತೆ ಮಾಡಬೇಕು. ಹಲವು ದೇಶಗಳು ಪಾಲುದಾರರಾಗಿರುವ ಎಫ್-35 ಕೂಟದಲ್ಲಿ ಹಾಗೆ ಪಾಲು ಬರೆಸಿಕೊಳ್ಳುವಂತಿಲ್ಲ. ಕೆನಡಾದ ಕಂಪನಿಗಳು ಉಳಿದ ಪಾಲುದಾರರ ಜೊತೆ ಸ್ಪರ್ಧಿಸಿ ಬಿಡಿಭಾಗದ ಕೆಲಸ ಗಿಟ್ಟಿಸಬೇಕು. ಗಿಟ್ಟಿಸಿವೆ ಕೂಡ. ಆದರೆ "ನಿಮ್ಮೂರಲ್ಲಿ ವಿಮಾನ ಕಟ್ಟುತ್ತೇವೆ" ಎಂಬ ಮಾತಿನ ತೂಕವೇ ಬೇರೆ. ರಫೇಲ್ ಜಗಳದಲ್ಲಿ 108 ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು, ಕೈತಪ್ಪಿತು ಎಂಬ ಮಾತು ನಮ್ಮ ಕಡೆ ಎಷ್ಟು ನಾಟಿತ್ತು ನೆನಪಿಸಿಕೊಳ್ಳಿ.

ಊರಿನ ಕಾರ್ಖಾನೆ ಎಂಬ ಈ ಮೋಹಕ್ಕೆ ಅಲ್ಲಿ ನೂರು ವರ್ಷದ ಇತಿಹಾಸ ಇದೆ. ಬ್ರಿಟನ್ ತನ್ನ ರೈಫಲನ್ನು ಕೆನಡಾದಲ್ಲಿ ತಯಾರಿಸಲು ಒಪ್ಪದಿದ್ದಾಗ ಕ್ವಿಬೆಕ್‌ನಲ್ಲಿ ರಾಸ್ ರೈಫಲ್ ಮಾಡಿಸಿದರು. ಗುರಿಯಿಟ್ಟು ಹೊಡೆಯುವವರಿಗೆ ಒಳ್ಳೇ ಬಂದೂಕು, ಕಂದಕದ ಕೆಸರಲ್ಲಿ ಬೋಲ್ಟ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೊದಲ ಮಹಾಯುದ್ಧದಲ್ಲಿ, 1915ರ ಈಪ್ರ ಕದನದಲ್ಲಿ ಸೈನಿಕರು ಅದನ್ನು ಬಿಸಾಡಿ ಸತ್ತ ಬ್ರಿಟಿಷರ ರೈಫಲ್ ಎತ್ತಿಕೊಂಡರು. ಆಗಿನ ಸಚಿವ ಸ್ಯಾಮ್ ಹ್ಯೂಸ್ ಅದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಅವರದ್ದೇ ಇನ್ನೊಂದು ಸಾಹಸ ಮೆಕ್ಆಡಮ್ ಸಲಿಕೆ. ಸಚಿವರ ಕಾರ್ಯದರ್ಶಿಯ ಹೆಸರಿನಲ್ಲಿ ಪೇಟೆಂಟ್, 25,000 ಸಲಿಕೆ ಖರೀದಿ. ತಗಡಿನ ನಡುವೆ ಒಂದು ತೂತು. ಸಲಿಕೆಯನ್ನು ನೆಲಕ್ಕೆ ನೆಟ್ಟು ಹಿಂದೆ ಮಲಗಿ ಆ ತೂತಿನಿಂದ ಗುಂಡು ಹಾರಿಸಬೇಕು. ಗುಂಡು ತಡೆಯುವಷ್ಟು ದಪ್ಪವಿರಲಿಲ್ಲ, ಹೊತ್ತು ನಡೆಯುವಷ್ಟು ಹಗುರವೂ ಇರಲಿಲ್ಲ. ಮಣ್ಣು ಎತ್ತಲು ಹೋದರೆ ತೂತಿನಿಂದ ಸೋರುತ್ತಿತ್ತು. ಗುಜರಿಗೆ ಹೋಯಿತು.

ಇದಕ್ಕೆ ವಿರುದ್ಧವಾಗಿ ನಿಜಕ್ಕೂ ಒಳ್ಳೆಯದನ್ನು ಕಟ್ಟಿದ್ದೂ ಇದೆ. ಟೊರಾಂಟೊ ಪಕ್ಕದ ಮಾಲ್ಟನ್‌ನಲ್ಲಿ ತಯಾರಾದ ಅವ್ರೋ ಆ್ಯರೋ ಯುದ್ಧವಿಮಾನ. 1959ರ ಫೆಬ್ರುವರಿ 20ರಂದು ಡೀಫನ್‌ಬೇಕರ್ ಸರ್ಕಾರ ಅದನ್ನು ರದ್ದು ಮಾಡಿತು, ಅದೇ ದಿನ 14,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು, ತಯಾರಾಗಿದ್ದ ವಿಮಾನಗಳನ್ನು ಕತ್ತರಿಸಿ ಹಾಕಿದರು. ಅವುಗಳ ಬದಲು ತಂದ ಅಮೆರಿಕದ ಬೊಮಾರ್ಕ್ ಕ್ಷಿಪಣಿಗೆ ಅಣು ಸಿಡಿತಲೆ ಹಾಕಬೇಕೋ ಬೇಡವೋ ಎಂಬ ಜಗಳದಲ್ಲಿ 1963ರಲ್ಲಿ ಅದೇ ಸರ್ಕಾರ ಬಿತ್ತು. ಆ್ಯರೋ ವಿಷಯ ಎತ್ತಿದರೆ ಹಳೇ ತಲೆಮಾರಿನ ಟೊರಾಂಟೊದವರು ಇವತ್ತಿಗೂ ಗಂಟೆಗಟ್ಟಲೆ ಮಾತಾಡುತ್ತಾರೆ. ಅದರಲ್ಲಿ ಅರ್ಧ ದುಃಖ, ಅರ್ಧ ಅಂತೆಕಂತೆ ಎಂಬುದು ನನ್ನ ಅಭಿಪ್ರಾಯ. ಹೊರಗಿನವರು ಯಾರೂ ಆ ವಿಮಾನ ಕೊಳ್ಳಲು ಮುಂದೆ ಬಂದಿರಲಿಲ್ಲ, ಖರ್ಚು ಏರುತ್ತಲೇ ಇತ್ತು.

ಆಡಳಿತದ ಗೊಂದಲವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಏನು ಬೇಕು ಎಂದು ಹೇಳುವುದು ರಕ್ಷಣಾ ಇಲಾಖೆ, ಟೆಂಡರ್ ಕರೆದು ಸಹಿ ಹಾಕುವುದು ಇನ್ನೊಂದು ಇಲಾಖೆ, ಯಾವ ಪ್ರಾಂತ್ಯಕ್ಕೆ ಎಷ್ಟು ಕೆಲಸ ಎಂದು ನೋಡುವುದು ಕೈಗಾರಿಕೆಯ ಮೂರನೆಯ ಇಲಾಖೆ. ತಪ್ಪಾದರೆ ಮೂವರೂ ಪಕ್ಕದವರತ್ತ ಕೈ ತೋರಿಸಬಹುದು. 2025ರ ಅಕ್ಟೋಬರ್‌ನಲ್ಲಿ ಕಾರ್ನಿ ಸರ್ಕಾರ ಇದಕ್ಕೆಂದೇ ರಕ್ಷಣಾ ಹೂಡಿಕೆಯ ಪ್ರತ್ಯೇಕ ಸಂಸ್ಥೆಯೊಂದನ್ನು ತೆರೆಯಿತು. ಕಡತ ಓಡಾಡುವ ಮೇಜುಗಳು ಅದರಿಂದ ಕಡಿಮೆಯಾಗಬಹುದು. ಮಾಂಟ್ರಿಯಲ್, ವಿನ್ನಿಪೆಗ್, ಹ್ಯಾಲಿಫ್ಯಾಕ್ಸ್‌ಗಳ ಸೀಟುಗಳ ಲೆಕ್ಕ ಕಡಿಮೆಯಾಗುವುದನ್ನು ನಾನು ನಂಬುವುದಿಲ್ಲ.

ಇನ್ನೊಂದು ಸಲ ಮಗಳ ಮನೆಗೆ ಹೋದಾಗ ಅಳಿಯಂದಿರ ಜೊತೆ ಕಾರು ಹತ್ತಿ ಎಡ್ಮಂಟನ್ ದಾಟಿ ಮೇಲೆ ಹೋದರೆ ಕೋಲ್ಡ್ ಲೇಕ್ ಸಿಗುತ್ತದೆ. ಸಿಎಫ್-18ಗಳ ಎರಡು ಮುಖ್ಯ ನೆಲೆಗಳಲ್ಲಿ ಅದೊಂದು, ಇನ್ನೊಂದು ಕ್ವಿಬೆಕ್‌ನಲ್ಲಿ. ಆದರೆ ಎಫ್-35 ನೋಡಬೇಕೆಂದು ಅವಸರ ಮಾಡಬೇಡಿ. ಒಪ್ಪಂದದ ಪ್ರಕಾರ ಮೊದಲ ವಿಮಾನಗಳು ಹೋಗುವುದು ಅಮೆರಿಕದ ಅರಿಝೋನಾಕ್ಕೆ, ಕೆನಡಾದ ಪೈಲಟ್‌ಗಳು ಅಲ್ಲಿ ಕಲಿಯಲಿ ಎಂದು.